ಫಿದ್ದಾ ಕ್ಲೋರಿನ್ ಜೊತೆ ಹೋಗುವ ಪ್ರಸಂಗ

ನನ್ನ ಮೈದುನ ಶಿಬ್ಲಿಗೆ ರಸಾಯನಶಾಸ್ತ್ರ ಅರೆದು ಕುಡಿದ ಹಾಗೆ ಗೊತ್ತು ಅಂತ ನಮ್ಮ ಕೆರಕ್ ಊರಲ್ಲಿ ಹೇಳೋರು ಒಬ್ಬರೇ. ಅದು ನನ್ನ ಮೈದುನ ಶಿಬ್ಲಿ.

ಪೂರ್ತಿ ಸುಳ್ಳು ಅನ್ನೋ ಹಾಗೂ ಇಲ್ಲ, ಪಾಪ. ಗುಡ್ಡದ ಮೇಲಿನ ನೀರಿನ ಟ್ಯಾಂಕಿಗೆ ಕ್ಲೋರಿನ್ ಹಾಕೋ ಕೆಲಸ ಅವನದು. ಸಾಹೇಬರು ಅಳೆದು ಕೊಟ್ಟ ಪುಡಿ ಸುರಿದು, ಮುಚ್ಚಳ ಹಾಕಿ, ಕೈ ತೊಳೆದು ಬರ್ತಾನೆ, ಅಷ್ಟೇ. ಆದರೆ ಕ್ಷೌರದಂಗಡೀಲಿ ಕೂತು ಅವನು ಬಿಡೋ ಮಾತು ಕೇಳಿದರೆ, ಇಡೀ ಊರಿನ ಜೀವ ಇವನ ಅಂಗೈಲಿದೆ ಅನ್ನಿಸಬೇಕು. ಮದುವೆಯಾಗಿ ಮಗ ಹುಟ್ಟಿದ್ದರೆ ಎಲ್ಲರ ಹಾಗೆ ಇವನನ್ನೂ ಮಗನ ಹೆಸರು ಹಿಡಿದು ಇಂಥವನ ಅಪ್ಪ ಅಂತ ಕರೀತಿದ್ದರು. ನಲವತ್ತು ದಾಟಿದರೂ ಒಂಟಿ. ಹಾಗಾಗಿ ಊರವರು ಸೀದಾ ಕ್ಲೋರಿನ್ ಅಂತಲೇ ಕರೆದುಬಿಟ್ಟರು.

ನಮ್ಮ ಬೀದಿಯೇ ಹಾಗೆ, ಅಪ್ಪ ಅಮ್ಮ ಇಟ್ಟ ಹೆಸರು ಯಾರಿಗೂ ಉಳಿಯಲ್ಲ. ಮಾವ ತೀರಿಕೊಂಡ ಮೇಲೆ ನಮ್ಮತ್ತೆ ವತ್ಫಾ ಅವರಿಗೆ ಬೀಪಿ. ಸೋಡಿಯಂ ಮುಟ್ಟಬೇಡಿ ಅಂತ ಡಾಕ್ಟರು ಹೇಳಿದ್ದೇ ತಡ, ಸೋಡಿಯಂ ಇಲ್ಲದ ಸಾರನ್ನ ಅವರಪ್ಪ ತಿಂತಾನಾ ಅಂತ ಬೀದಿ ತುಂಬ ಡಾಕ್ಟರನ್ನ ಬೈದುಕೊಂಡು ಓಡಾಡಿದರು. ಬೈದು ಬೈದು ಅವರ ಹೆಸರೇ ಸೋಡಿಯಂ ಆಗಿಹೋಯ್ತು. ಪಕ್ಕದ ಮನೆ ಅಬೂ ಜಲಾಲ್, ಅಂದರೆ ಜಲಾಲನ ಅಪ್ಪ, ಸೈನ್ಯದಲ್ಲಿ ಹವಾಲ್ದಾರನಾಗಿದ್ದು ರಿಟೈರಾಗಿ ಬಂದು ರಸಗೊಬ್ಬರದ ಅಂಗಡಿ ಇಟ್ಟ. ಅವರದು ನೈಟ್ರೇಟ್ ಮನೆ.

ಆ ನೈಟ್ರೇಟ್ ಮನೇಲಿ ಅಬೂ ಜಲಾಲನ ತಂಗಿ ಫಿದ್ದಾ. ಫಿದ್ದಾ ಅಂದರೆ ಬೆಳ್ಳಿ. ಅವಳಿಗೆ ಯಾರೂ ಅಡ್ಡಹೆಸರು ಇಡಲಿಲ್ಲ, ಅಷ್ಟರಮಟ್ಟಿಗೆ ಅದೃಷ್ಟವಂತೆ. ಮಿಕ್ಕಿದ್ದರಲ್ಲಿ ಅದೃಷ್ಟ ಅವಳ ಹತ್ತಿರ ಸುಳಿಯಲಿಲ್ಲ. ಮೂವತ್ತೈದಾಗ್ತಾ ಬಂತು. ಅಡುಗೆ, ಅಂಗಡಿ, ಕಿವಿ ಕೇಳದ ಮುದಿ ತಂದೆ, ಎಲ್ಲ ಅವಳ ತಲೆ ಮೇಲೆ. ಕೇಳೋಕೆ ಬಂದ ಗಂಡುಗಳಿಗೆಲ್ಲ ಅಣ್ಣ ಒಂದೊಂದು ಕೊಂಕು ತೆಗೆದು ವಾಪಸ್ ಕಳಿಸಿದ. ಗಾಣಕ್ಕೆ ಕಟ್ಟಿದ ಎತ್ತನ್ನ ಯಾರು ಬಿಚ್ಚಿ ಕೊಡ್ತಾರೆ ಹೇಳಿ? ನೆನೆಸಿಕೊಂಡರೆ ನನಗೆ ಹೊಟ್ಟೆ ಉರಿಯುತ್ತೆ. ಯಾಕೆಂದರೆ ನನ್ನ ಮೈದುನನ ಮನಸ್ಸು ಎಷ್ಟೋ ವರ್ಷದಿಂದ ಅವಳ ಮೇಲಿದೆ. ಅವಳ ಮನಸ್ಸೂ ಇವನ ಮೇಲಿದೆ ಅಂತ ನನಗೆ ಗೊತ್ತು, ಈ ಪೆದ್ದನಿಗೆ ಗೊತ್ತಿಲ್ಲ. ಅಬೂ ಜಲಾಲನ ಎದುರು ನಿಂತು, ನಿನ್ನ ತಂಗೀನ ನನಗೆ ಕೊಡು ಅನ್ನೋ ಒಂದು ಮಾತು ಇವನ ಗಂಟಲಿಂದ ಹೊರಡಬೇಕಲ್ಲ. ಇಬ್ಬರ ಬದುಕೂ ಆ ಒಂದು ಮಾತಿಗೆ ಕಾದು ಕೂತಿತ್ತು.

ಹೀಗಿರುವಾಗ ಹತ್ತನೇ ಕ್ಲಾಸಿನ ನನ್ನ ಮಗಳು ರುದೈನಾಳ ರಸಾಯನಶಾಸ್ತ್ರದ ಟೀಚರು ಬಾಣಂತನಕ್ಕೆ ಹೋದರು. ಪರೀಕ್ಷೆ ಹತ್ತಿರ ಬಂದಿತ್ತು. ಯಾರ ಹತ್ತಿರವಾದರೂ ಪಾಠಕ್ಕೆ ಕಳಿಸೋಣ ಅಂದುಕೊಂಡೆ.

"ಯಾಕೆ ಅತ್ತಿಗೆ, ಮನೇಲೇ ನಾನಿಲ್ವಾ?" ಅಂದ ಶಿಬ್ಲಿ.

"ಅದೇ ಕಣಪ್ಪಾ ನನ್ನ ಹೆದರಿಕೆ" ಅಂದೆ.

ಅವನಿಗೆ ಎಲ್ಲಿ ನಾಟಬೇಕು. ನಮಗೆ ನೀರು ಬರೋದು ವಾರಕ್ಕೊಂದು ಸಲ. ಆ ದಿನ ಊರಿಗೆ ಊರೇ ಛಾವಣಿ ಮೇಲಿರುತ್ತೆ. ಗಂಡಸರು ಟ್ಯಾಂಕು ತುಂಬಿಸ್ತಾರೆ, ಹೆಂಗಸರು ವಾರದ ಬಟ್ಟೆಯೆಲ್ಲ ಒಗೆದು ಒಣಹಾಕ್ತಾರೆ. ಮನೆಮನೆಯ ಪಂಪುಗಳೂ ಗುರ್ ಅಂತಿರುತ್ತವೆ. ಇಡೀ ವಾರದಲ್ಲಿ ಆ ದಿನವನ್ನೇ ಹುಡುಕಿ, ಛಾವಣಿಯನ್ನೇ ಆರಿಸಿ, ನನ್ನ ಮೈದುನ ಪಾಠ ಶುರುಮಾಡಿದ. ಪಂಪಿನ ಸದ್ದಿಗೆ ಕೇಳಿಸಬೇಕಲ್ಲ, ಗಂಟಲು ಹರಿಯೋ ಹಾಗೆ ಕೂಗಿ ಹೇಳ್ತಿದ್ದ.

"ನೋಡು ಮಗಳೇ, ರಾಸಾಯನಿಕ ಕ್ರಿಯೆಯಲ್ಲಿ ನಾಲ್ಕು ವಿಧ. ಸಂಸಾರ ಗೊತ್ತಿದ್ದವರಿಗೆ ಇದು ನೀರು ಕುಡಿದಷ್ಟು ಸುಲಭ." ಸಂಸಾರದ ವಿಷಯ ಇವನ ಬಾಯಲ್ಲಿ, ಕೇಳಿ. "ಸಂಯೋಗ ಅಂದರೆ ಮದುವೆ. ಬೇರೆ ಬೇರೆ ಇದ್ದ ಇಬ್ಬರು ಒಂದಾಗೋದು. ವಿಭಜನೆ ಅಂದರೆ ತಲಾಖ್. ಒಂದಾಗಿದ್ದದ್ದನ್ನ ಕಾಯಿಸಿದರೆ ಎರಡಾಗಿ ಒಡೆಯುತ್ತೆ."

"ಯಾರು ಕಾಯಿಸ್ತಾರೆ ಚಿಕ್ಕಪ್ಪ?"

"ಅತ್ತೆ."

ಮೆಟ್ಟಿಲ ಹತ್ತಿರ ಕೂತಿದ್ದ ನಮ್ಮತ್ತೆ ಕೆಮ್ಮಿದರು.

"ಸ್ಥಾನಪಲ್ಲಟ ಅಂದರೆ ಬಲಶಾಲಿಯೊಬ್ಬ ಬರ್ತಾನೆ, ಮೊದಲೇ ಇದ್ದವನನ್ನ ಆಚೆ ದಬ್ಬಿ, ಅವನ ಜೊತೆಗಾತೀನ ಎತ್ತಿಕೊಂಡು ಹೋಗ್ತಾನೆ. ಇನ್ನು ದ್ವಿಸ್ಥಾನಪಲ್ಲಟ. ಅದು ಬದಲಿ ಮದುವೆ. ನಿಮ್ಮ ಮನೆ ಹೆಣ್ಣು ನಮಗೆ, ನಮ್ಮ ಮನೆ ಹೆಣ್ಣು ನಿಮಗೆ. ಯಾರಿಗೂ ನಷ್ಟವಿಲ್ಲ."

ಇಲ್ಲಿಯವರೆಗೆ ಪಾಠ ಹಳಿ ಮೇಲೇ ಇತ್ತು, ನಿಜ ಹೇಳಬೇಕು. ಇವನಿಗೆ ಇಷ್ಟು ಹೇಗೆ ಗೊತ್ತಾಯ್ತು ಅಂತ ನನಗೇ ಬೆರಗು. ಅಷ್ಟರಲ್ಲಿ ರುದೈನಾ ಪುಸ್ತಕದ ಒಂದು ಉದಾಹರಣೆ ತೋರಿಸಿ ಕೇಳಿದಳು. ಸಿಲ್ವರ್ ನೈಟ್ರೇಟಿನ ನೀರಿಗೆ ಉಪ್ಪುನೀರು, ಅಂದರೆ ಸೋಡಿಯಂ ಕ್ಲೋರೈಡು, ಬೆರೆಸಿದರೆ ಏನಾಗುತ್ತೆ? ನಮ್ಮ ಪುಸ್ತಕಗಳಲ್ಲಿ ಬೆಳ್ಳಿಗೆ ಫಿದ್ದಾ ಅಂತಲೇ ಬರೆದಿರೋದು. ಆ ಹೆಸರು ಕಣ್ಣಿಗೆ ಬಿದ್ದದ್ದೇ ನನ್ನ ಮೈದುನನ ಕಿವಿ ಕೆಂಪಾಯ್ತು, ಕಲಿತಿದ್ದು ಮರೆತುಹೋಯ್ತು, ದನಿ ಮಾತ್ರ ಇನ್ನೂ ಜೋರಾಯ್ತು.

"ಫಿದ್ದಾ ಈಗ ನೈಟ್ರೇಟ್ ಜೊತೆ ಇದ್ದಾಳೆ. ಇದ್ದಾಳೆ ಅಂದರೆ ಇದ್ದಾಳೆ ಅಷ್ಟೇ, ಏನೂ ಸುಖವಿಲ್ಲ. ಕ್ಲೋರಿನ್ ಹತ್ತಿರ ಬಂತೋ, ನೈಟ್ರೇಟನ್ನ ಬಿಟ್ಟು ಕ್ಲೋರಿನ್ ಜೊತೆ ಹೊರಟುಬಿಡ್ತಾಳೆ. ಇಬ್ಬರೂ ಕೆಳಗಿಳಿದು ಅಲ್ಲೇ ನೆಲೆ ನಿಲ್ತಾರೆ. ಆಮೇಲೆ ಯಾರು ಎಷ್ಟು ಕಲಕಿದರೂ ಬಿಡಿಸೋಕೆ ಆಗಲ್ಲ."

"ಇದು ಯಾವ ವಿಧ ಚಿಕ್ಕಪ್ಪ?"

"ಸ್ಥಾನಪಲ್ಲಟ. ಅಪ್ಪಟ ಸ್ಥಾನಪಲ್ಲಟ."

ಪಕ್ಕದ ಛಾವಣೀಲಿ ಅಬೂ ಜಲಾಲನ ಹೆಂಡತಿ ಉಮ್ಮ್ ಜಲಾಲ್ ಗಂಡನ ಉದ್ದ ನಿಲುವಂಗಿ ಹರವ್ತಾ ಇದ್ದಳು. ಅವಳ ಬಾಯಲ್ಲಿ ಕಚ್ಚಿಕೊಂಡಿದ್ದ ಬಟ್ಟೆ ಕ್ಲಿಪ್ಪು ಟಪ್ ಅಂತ ಕೆಳಗೆ ಬಿತ್ತು. ಅದೂ ಬಿದ್ದ ಮೇಲೆ ಆ ಬಾಯಿಗೆ ಇನ್ಯಾವ ತಡೆ?

ಮಾತು ಅಲ್ಲಿಂದ ರೊಟ್ಟಿ ಅಂಗಡಿಗೆ ಹೋಯ್ತು. ರೊಟ್ಟಿ ಅಂಗಡೀಲಿ ಮಾತು ಯಾವತ್ತೂ ಹಿಟ್ಟಿನ ಹಾಗೆ, ಇಟ್ಟ ಕಡೆಯೇ ಉಬ್ಬುತ್ತೆ. ಕ್ಲೋರಿನ್ ಫಿದ್ದಾಳನ್ನ ಹಾರಿಸಿಕೊಂಡು ಹೋಗ್ತಾನಂತೆ ಅನ್ನೋದು ಮೊದಲನೇ ಸುದ್ದಿ. ಎಲ್ಲಿಗೆ ಅಂತ ಯಾರೋ ಕೇಳಿದರು. "ಕೆಳಗೆ" ಅಂತ ಅವನೇ ಬಾಯಿಬಿಟ್ಟು ಹೇಳಿದ್ದಾನಲ್ಲ. ಗುಡ್ಡದ ಮೇಲಿರೋ ನಮ್ಮೂರವರಿಗೆ ಕೆಳಗೆ ಅಂದರೆ ಇರೋದು ಒಂದೇ ಜಾಗ, ಮೃತ ಸಮುದ್ರದ ದಂಡೆಯ ಘೋರ್ ಕಣಿವೆ. ಅಲ್ಲಿಗೆ ಕ್ಷೌರದಂಗಡಿಯವನು ಒಂದು ಮನೆ ಸೇರಿಸಿದ. ಔಷಧಿ ಅಂಗಡಿಯವನು ಮನೆ ಹಿಂದೆ ಟೊಮೆಟೊ ತೋಟ ಹಾಕಿದ. ಮಧ್ಯಾಹ್ನದ ನಮಾಜು ಮುಗಿಯೋ ಹೊತ್ತಿಗೆ ನನ್ನ ಮೈದುನ ಆ ತೋಟಕ್ಕೆ ಹನಿ ನೀರಾವರಿ ಬೇರೆ ಮಾಡಿಸಿದ್ದ. ಟ್ಯಾಂಕಿನ ಕೆಲಸ ಮುಗಿಸಿ ಬಂದ ಅವನಿಗೆ, "ಟೊಮೆಟೊ ಹೇಗೆ ಬಂದಿದೆ?" ಅಂತ ದಾರೀಲಿ ಯಾರೋ ಕೇಳಿದರಂತೆ. ಸಂತೇಲಿ ಚೆನ್ನಾಗೇ ಬಂದಿದೆ ಅಂದನಂತೆ.

ಸಂಜೆ ಫಿದ್ದಾ ಛಾವಣಿಯ ಮೋಟುಗೋಡೆ ದಾಟಿ ನಮ್ಮ ಅಡುಗೆಮನೆಗೆ ಇಳಿದು ಬಂದಳು. ಹಾಗೆ ಅವಳು ಆಗಾಗ ಬರ್ತಾಳೆ. ಮುಖ ಗಂಭೀರ, ಕಣ್ಣಲ್ಲಿ ನಗು ತಡೆದುಕೊಂಡಿದ್ದಳು.

"ಅಕ್ಕ, ನಿನ್ನ ಮೈದುನ ನನ್ನನ್ನ ಎಷ್ಟು ಹೊತ್ತಿಗೆ ಓಡಿಸಿಕೊಂಡು ಹೋಗ್ತಾನಂತೆ? ಗೊತ್ತಾದರೆ ಅಪ್ಪನಿಗೆ ಸಾರು ಮಾಡಿಟ್ಟು ಬರ್ತೀನಿ."

"ಓಡಿಸಿಕೊಂಡು ಹೋಗೋ ಮುಖವಾ ಅದು? ಬಸ್ಸು ಹತ್ತೋಕೂ ಕಂಡಕ್ಟರ್ ಕೈ ಕೊಡಬೇಕು ಅವನಿಗೆ" ಅಂದೆ.

ನಗ್ತಾಳೆ ಅಂದುಕೊಂಡೆ. ನಗಲಿಲ್ಲ. ತಟ್ಟೇಲಿದ್ದ ಕೊತ್ತಂಬರಿ ಸೊಪ್ಪಿನ ಎಲೆ ಒಂದೊಂದೇ ಬಿಡಿಸ್ತಾ ಕೂತಳು.

"ನಾಳೆ ಅಣ್ಣ ಹಿರಿಯರನ್ನ ಕರಕೊಂಡು ಇಲ್ಲಿಗೆ ಬರ್ತಾನೆ. ನನ್ನ ಮೇಲೆ ಮನಸ್ಸಿಲ್ಲ ಅಂತ ಎಲ್ಲರೆದುರು ಶಿಬ್ಲಿ ಬಾಯಲ್ಲಿ ಹೇಳಿಸ್ತಾನಂತೆ. ಹಿರಿಯರ ಮುಂದೆ ಒಂದು ಸಲ ಇಲ್ಲ ಅಂದಮೇಲೆ ಮುಗೀತಲ್ಲ ಅಕ್ಕ. ಹೇಳಿಬಿಡ್ತಾನೆ, ನೋಡು. ಅವನಿಗೆ ಹೆದರಿಕೆ ಜಾಸ್ತಿ."

ತಟ್ಟೆ ಅವಳಿಗೇ ಬಿಟ್ಟು ಎದ್ದೆ. ಹೋಗಿ ಮೈದುನನನ್ನ ಹುಡುಕಿದರೆ ಅವನು ಛಾವಣಿ ಮೇಲಿನ ಟ್ಯಾಂಕಿನ ಹಿಂದೆ ಕೂತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳೋ ಜಾತಿ. "ಅತ್ತಿಗೆ, ಪಾಠ ಹೇಳಿದ್ದು ಕಣ್ರಿ, ಬರೀ ಪಾಠ" ಅಂತ ಅದನ್ನೇ ಜಪ ಮಾಡ್ತಿದ್ದ. ನಾಳೆ ಬಂದವರಿಗೆ ಏನಂತೀಯ ಅಂದರೆ ಅದಕ್ಕೂ ಅದೇ ಉತ್ತರ.

ಮಾರನೇ ದಿನ ಸಂಜೆ ಬಂದರು. ಮುಂದೆ ಶೇಖ್ ನಹಾರ್, ಊರಿನ ಜಗಳವೆಲ್ಲ ಬಗೆಹರಿಸೋ ಹಿರಿಯರು. ಅವರ ಹಿಂದೆ ಅಬೂ ಜಲಾಲ್, ಮೀಸೆ ತಿರುವಿ, ಸೈನ್ಯದ ಪದಕ ಚುಚ್ಚಿಕೊಂಡು. ಅವನ ತೋಳು ಹಿಡಿದು ಮುದಿ ತಂದೆ ಮುತ್ಲಕ್ ಅಜ್ಜ. ಮನೆಯ ಹಿರೀಕರು ಇಲ್ಲದೆ ಇಂಥ ಮಾತು ನಡೆಯಲ್ಲ, ಅದಕ್ಕೆ ಕರಕೊಂಡು ಬಂದಿದ್ದ. ಆ ಅಜ್ಜನಿಗೆ ಪಕ್ಕದಲ್ಲಿ ಗುಂಡು ಹಾರಿಸಿದರೂ, ಯಾರು ಬಾಗಿಲು ತಟ್ಟಿದ್ದು ಅಂತಾರೆ. ನಡುಮನೇಲಿ ಗೋಡೆಗುಂಟ ಕೂತರು. ನನ್ನ ಗಂಡ ಖಲಫ್ ಬರಮಾಡಿಕೊಂಡರು. ನಾನು ಅಡುಗೆಮನೆ ಬಾಗಿಲಿಗೆ ಒಂದು ಕಣ್ಣು ಇಟ್ಟೆ. ಫಿದ್ದಾ ಆಗಲೇ ಛಾವಣಿಯಿಂದ ಇಳಿದು ಬಂದು ನನ್ನ ಒಲೆ ಮುಂದೆ ಏಲಕ್ಕಿ ಕಾಫಿ ಕಾಯಿಸ್ತಾ ನಿಂತಿದ್ದಳು. ಅವಳ ಕೈ ಸುಮ್ಮನಿರಲ್ಲ, ಯಾರ ಮನೆಯಾದರೇನು.

ಖಲಫ್ ಪುಟ್ಟ ಬಟ್ಟಲುಗಳಿಗೆ ಕಾಫಿ ಬಗ್ಗಿಸಿ ಕೊಟ್ಟರು. ಎಲ್ಲರೂ ತಗೊಂಡು ನೆಲದ ಮೇಲಿಟ್ಟರು. ಬಟ್ಟಲು ನೆಲದ ಮೇಲಿರೋ ತನಕ ಮಾತು ಬಾಕಿ. ಹಿರಿಯರು ಎತ್ತಿ ಕುಡಿದರೋ, ಆಗಿನ ಮಾತಿಗೆ ಒಪ್ಪಿಗೆ ಬಿತ್ತು ಅಂತ, ಆಮೇಲೆ ರಾಜನೇ ಬಂದರೂ ಬದಲಾಗಲ್ಲ.

"ಇವನು ನನ್ನ ತಂಗಿ ಹೆಸರನ್ನ ಛಾವಣಿ ಮೇಲೆ ನಿಂತು ಕೂಗಿದ್ದಾನೆ" ಅಂದ ಅಬೂ ಜಲಾಲ್. "ಕೂಗಿದ್ದೂ ಅಲ್ಲದೆ, ಬಲಶಾಲಿ ಬಂದು ನನ್ನನ್ನ ಆಚೆ ದಬ್ಬಿ ಅವಳನ್ನ ಎತ್ತಿಕೊಂಡು ಹೋಗ್ತಾನೆ ಅಂದಿದ್ದಾನೆ. ಬಲಶಾಲಿ ಯಾರು, ಇವನಾ? ದಬ್ಬಲಿ, ನೋಡೋಣ."

ಶಿಬ್ಲಿ ದಬ್ಬೋದಿರಲಿ, ದಿಂಬಿಗೆ ಒರಗೋಕೂ ಧೈರ್ಯವಿಲ್ಲದೆ ಕೂತಿದ್ದ. "ಪಾಠ ಅದು, ಪುಸ್ತಕದಲ್ಲಿದೆ" ಅಂತ ರುದೈನಾಳ ಪುಸ್ತಕ ಮುಂದೆ ಚಾಚಿದ. ಶೇಖ್ ನಹಾರ್ ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದರು.

"ಫಿದ್ದಾ... ನೈಟ್ರೇಟ್. ಆಮೇಲೆ ಇಲ್ಲಿ ಬಾಣ ಹಾಕಿದ್ದಾರೆ. ಬಾಣದ ಆ ಕಡೆ ಫಿದ್ದಾ... ಕ್ಲೋರೈಡ್." ಕನ್ನಡಕ ತೆಗೆದರು. "ಅಲ್ಲಯ್ಯಾ ಅಬೂ ಜಲಾಲ್, ಇದು ಅಚ್ಚೇ ಆಗಿದೆಯಲ್ಲ. ಸರ್ಕಾರದ ಮುದ್ರೆ ಬೇರೆ ಬಿದ್ದಿದೆ. ರಾಜಧಾನಿ ಅಮ್ಮಾನಿನವರಿಗೆಲ್ಲ ಗೊತ್ತಾಗಿ ನಮಗೆ ಈಗ ಗೊತ್ತಾಗ್ತಿದೆ ಅಂದರೆ, ಏನು ಮರ್ಯಾದೆ ನಮ್ಮದು?"

ಅಬೂ ಜಲಾಲ್ ಪುಸ್ತಕ ಕಿತ್ತುಕೊಂಡು ನೋಡಿದ. ನೋಡಿದಷ್ಟೂ ಮೀಸೆ ಇಳೀತು. ತಡೆಯಲಾರದೆ ನಾನು ಮಗಳನ್ನ ನಡುಮನೆಗೆ ದಬ್ಬಿದೆ.

"ಅಜ್ಜಾ, ಚಿಕ್ಕಪ್ಪ ವಿಧ ತಪ್ಪು ಹೇಳಿದ್ದು" ಅಂದಳು ರುದೈನಾ. "ಇದು ಸ್ಥಾನಪಲ್ಲಟ ಅಲ್ಲ, ದ್ವಿಸ್ಥಾನಪಲ್ಲಟ. ಎರಡೂ ಕಡೆಯವರು ಜೋಡಿ ಅದಲು ಬದಲು ಮಾಡಿಕೊಳ್ತಾರೆ."

ಶೇಖ್ ನಹಾರರ ಮುಖ ಅರಳಿತು. "ಹಾಗೆ ಹೇಳು ತಾಯಿ. ಬರೀ ಸ್ಥಾನಪಲ್ಲಟ ಅಂದರೆ ಅಪಹರಣ, ಅದಕ್ಕೆ ದಂಡ ಉಂಟು. ದ್ವಿಸ್ಥಾನಪಲ್ಲಟ ಅಂದರೆ ಬದಲಿ ಮದುವೆ. ನಮ್ಮ ಅಪ್ಪ ಅಜ್ಜ ಮಾಡಿಕೊಂಡು ಬಂದದ್ದು. ಇದರಲ್ಲಿ ಅವಮಾನ ಏನು ಬಂತು? ಸರಿ, ಫಿದ್ದಾ ಇತ್ತ ಬಂದರೆ ಅತ್ತ ಯಾರು ಹೋಗ್ತಾರೆ?"

"ಸೋಡಿಯಂ, ಅಜ್ಜಾ. ಸೋಡಿಯಂ ಕ್ಲೋರಿನ್ನನ್ನ ಬಿಟ್ಟು ನೈಟ್ರೇಟ್ ಜೊತೆ ಹೋಗುತ್ತೆ."

ಎಲ್ಲರ ಕಣ್ಣೂ ಮೊದಲು ನಮ್ಮತ್ತೆಯ ಕೋಣೆ ಬಾಗಿಲಿಗೆ, ಆಮೇಲೆ ಹೆಂಡತಿ ತೀರಿಕೊಂಡು ಒಂಟಿಯಾಗಿದ್ದ ಮುತ್ಲಕ್ ಅಜ್ಜನ ಕಡೆಗೆ ಹೊರಳಿತು. ಅಜ್ಜ ಪಾಪ, ತಮ್ಮನ್ನ ಯಾಕೆ ನೋಡ್ತಿದ್ದಾರೋ ತಿಳಿಯದೆ, ಎಲ್ಲರಿಗೂ ಒಂದೊಂದು ಸಲಾಮು ಹೇಳಿದರು.

"ಅದು ನಮ್ಮಮ್ಮ" ಅಂದರು ಖಲಫ್.

"ವಯಸ್ಸು ಸರಿಹೋಗುತ್ತೆ" ಅಂದರು ಶೇಖ್ ನಹಾರ್, ಗಡ್ಡ ನೀವಿಕೊಳ್ತಾ.

ಅಬೂ ಜಲಾಲನಿಗೆ ಅಲ್ಲಿ ತಡೆಯಲಿಲ್ಲ. ನನ್ನತ್ತೆ ತನಗೆ ಮಲತಾಯಿಯಾಗಿ ಬಂದು ಉಪ್ಪಿಗೆ ಜಗಳ ತೆಗೆಯೋದು ಕಣ್ಣಿಗೆ ಕಟ್ಟಿತೋ ಏನೋ. "ಸಾಕು ಮಾಡಿ. ಪಾಠವೋ, ಒಪ್ಪಿದೆ. ಯಾವ ವಿಧವಾದರೂ ಇರಲಿ. ನನಗೆ ಬೇಕಾಗಿರೋದು ಒಂದೇ ಮಾತು. ಶಿಬ್ಲಿ, ನನ್ನ ತಂಗಿ ಮೇಲೆ ನಿನಗೆ ಮನಸ್ಸಿಲ್ಲ ಅಂತ ಇವರೆದುರು ಹೇಳು. ನಾವು ಕಾಫಿ ಕುಡಿದು ಎದ್ದು ಹೋಗ್ತೀವಿ. ನಿನ್ನ ಪಾಠ ನಿನಗೆ, ನನ್ನ ಮಾನ ನನಗೆ."

ಎಂಥ ಸುಲಭದ ದಾರಿ ನೋಡಿ. ಇಲ್ಲ ಅಂದರೆ ಊರಿನ ಬಾಯಿಗೆ ಬೀಗ ಬೀಳುತ್ತೆ, ಅಬೂ ಜಲಾಲನ ಮುಷ್ಟಿ ಬಿಚ್ಚುತ್ತೆ, ಕ್ಷೌರದಂಗಡೀಲಿ ಮತ್ತೆ ಕಾಲು ಚಾಚಿ ಕೂರಬಹುದು. ಅಡುಗೆಮನೇಲಿ ಫಿದ್ದಾ ಒಲೆ ಆರಿಸಿಬಿಟ್ಟಳು, ಆ ಸದ್ದೂ ಕಿವಿಗೆ ಅಡ್ಡಬರಬಾರದು ಅನ್ನೋ ಹಾಗೆ. ಹೇಳಬೇಡವೋ ಪೆದ್ದಾ, ಹೇಳಬೇಡ ಅಂತ ಒಳಗೇ ಅಂದುಕೊಳ್ತಿದ್ದೆ.

ಶಿಬ್ಲಿ ಪುಸ್ತಕ ನೋಡಿದ.

"ಪುಸ್ತಕದಲ್ಲಿರೋ ಫಿದ್ದಾ ಬರೀ ಲೋಹ" ಅಂದ. "ಅದರ ಮೇಲೆ ನನಗೆ ಯಾವ ಮನಸ್ಸೂ ಇಲ್ಲ, ದೇವರಾಣೆ."

ಅಬೂ ಜಲಾಲ್ ಬಟ್ಟಲಿಗೆ ಕೈ ಚಾಚಿದ.

"ಆದರೆ ಪಕ್ಕದ ಮನೆ ಫಿದ್ದಾ..." ಅಂತ ಶಿಬ್ಲಿ ಮುಂದುವರಿಸಿದ. "ಅವಳ ಮೇ‌ಲೆ ಇದೆ. ಮೊದಲಿಂದ ಇದೆ. ಕೇಳೋಕೆ ಧೈರ್ಯ ಇರಲಿಲ್ಲ. ಬದಲಿಗೆ ಕೊಡೋಕೂ ನನ್ನ ಹತ್ತಿರ ಏನೂ ಇಲ್ಲ. ಹಾಗೇ ಕೊಡಿ ಅಂತ ಕೇಳ್ತಾ ಇದ್ದೀನಿ."

ಕೊನೆಗೂ ಹೊರಟಿತು ಮಾತು. ನನ್ನ ಕಣ್ಣು ತುಂಬಿಬಂತು. ಈ ನಾಲಗೆ ಇಷ್ಟು ವರ್ಷ ಎಲ್ಲಿತ್ತೋ.

ಅಬೂ ಜಲಾಲ್ ಧಡಕ್ಕನೆ ಎದ್ದು ನಿಂತ. "ಯಾರೂ ಬಟ್ಟಲು ಮುಟ್ಟಬೇಡಿ. ಈ ಮನೆ ಕಾಫಿ ನಮಗೆ ಬೇಡ. ಏಳಿ, ಹೋಗೋಣ."

ಜನ ಏಳೋಕೆ ಶುರುಮಾಡಿದರು. ಆಗ ನನ್ನ ಪಕ್ಕದಿಂದ ಫಿದ್ದಾ ಬಾಗಿಲ ಸಂದಿಗೆ ಬಂದಳು. ಕೂಗಲಿಲ್ಲ, ಕಿರುಚಲಿಲ್ಲ. ದಿನಾ ಮನೇಲಿ ಹೇಳೋ ದನೀಲೇ ಹೇಳಿದಳು.

"ಅಪ್ಪಾ, ಕಾಫಿ ಆರ್ತಾ ಇದೆ. ಕುಡಿ."

ಇಷ್ಟು ಹೊತ್ತು ಒಂದು ಮಾತೂ ಕಿವಿಗೆ ಬೀಳದೆ ಕೂತಿದ್ದ ಮುತ್ಲಕ್ ಅಜ್ಜ ತಲೆ ಎತ್ತಿದರು. ಊಟ ಮಾಡು, ಮಾತ್ರೆ ನುಂಗು, ಮಲಗು ಅಂತ ಬೆಳಗಿಂದ ರಾತ್ರಿವರೆಗೆ ಹೇಳೋ ದನಿ ಅದು. ಆ ಕಿವಿಗೆ ಇನ್ಯಾವುದು ಹೋಗದಿದ್ದರೂ ಅದೊಂದು ಹೋಗ್ತಿತ್ತು. "ಹೂಂ ಮಗಳೇ" ಅಂದರು. ಬಟ್ಟಲೆತ್ತಿ ಸೊರ್ ಅಂತ ಕುಡಿದರು. ಸಾಕು ಅನ್ನೋದಕ್ಕೆ ಬಟ್ಟಲು ಅಲ್ಲಾಡಿಸಬೇಕಲ್ಲ, ಅಲ್ಲಾಡಿಸದೆ ಇನ್ನೊಂದು ಹಾಕಿ ಅಂತ ಖಲಫ್ ಮುಂದೆ ಚಾಚಿದರು.

ಎದ್ದವರೆಲ್ಲ ನಿಂತಲ್ಲೇ ನಿಂತರು.

"ಕೊನೆಗೆ ಆಡಿದ ಮಾತು ಶಿಬ್ಲಿಯದು" ಅಂದರು ಶೇಖ್ ನಹಾರ್, ನಿಧಾನವಾಗಿ. "ಅದರ ಮೇಲೆ ಹುಡುಗಿ ತಂದೆ ಕುಡಿದರು. ಹುಡುಗಿಯೇ ಕುಡಿ ಅಂದಳು. ಕೂತ್ಕೋ ಅಬೂ ಜಲಾಲ್. ಅಪ್ಪ ಕುಡೀತಾ ಕೂತಿರುವಾಗ ಮಗ ನಿಂತಿರಬಾರದು."

ಅಬೂ ಜಲಾಲ್ ಅಪ್ಪನ ಮುಖ ನೋಡಿದ, ಅಡುಗೆಮನೆ ಬಾಗಿಲು ನೋಡಿದ. ಸೈನ್ಯದಲ್ಲಿ ಎಷ್ಟು ಜನಕ್ಕೆ ಅಪ್ಪಣೆ ಕೊಟ್ಟಿದ್ದನೋ, ಇಲ್ಲಿ ಒಂದೂ ನಡೆಯಲಿಲ್ಲ. ಕೂತ. ತನ್ನ ಬಟ್ಟಲು ಎತ್ತಿಕೊಂಡ.

ಅಷ್ಟರಲ್ಲಿ ನಮ್ಮತ್ತೆ ಕೋಣೆಯೊಳಗಿಂದಲೇ ಗುಡುಗಿದರು. "ಹೆಣ್ಣು ಬರಲಿ, ಸಂತೋಷ. ನಾನು ಮಾತ್ರ ಈ ಮನೆ ಬಿಟ್ಟು ಎಲ್ಲಿಗೂ ಹೋಗಲ್ಲ, ಈಗಲೇ ಹೇಳಿದ್ದೀನಿ."

ಶೇಖ್ ನಹಾರ್ ರುದೈನಾ ಕಡೆ ತಿರುಗಿದರು. "ಒಬ್ಬಳು ಬಂದಳು, ಯಾರೂ ಹೋಗಲಿಲ್ಲ. ಇದು ಯಾವ ವಿಧ ಮಗಳೇ?"

"ಸಂಯೋಗ, ಅಜ್ಜಾ."

ಶಿಬ್ಲಿ ಆಗಲೂ ಬಾಯಿ ತೆರೆದುಕೊಂಡೇ ಕೂತಿದ್ದ. ಏನಾಯ್ತು ಅಂತ ಅವನಿಗೆ ಯಾರಾದರೂ ಬಿಡಿಸಿ ಹೇಳಬೇಕಿತ್ತು. ನಾನು ಅಡುಗೆಮನೆಗೆ ತಿರುಗಿದೆ. ಫಿದ್ದಾ ಗೋಡೆ ಕಡೆ ಮುಖ ಮಾಡಿ, ತಲೆವಸ್ತ್ರದ ತುದಿ ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

"ಅಕ್ಕ, ಅಪ್ಪನಿಗೆ ಸರಿಯಾಗಿ ಕೇಳಿಸಿತಾ?" ಅಂದಳು.

"ಅಪ್ಪನಿಗೂ ಕೇಳಿಸಿತು, ಊರಿಗೂ ಕೇಳಿಸಿತು" ಅಂದೆ.